ಒಂದರಿಂದ ಆರಕ್ಕೆ ಹತ್ತಿ ಇಳಿಯುವ ಸಂಖ್ಯೆ

12345654321.

ಬಾಯಿಬಿಟ್ಟು ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಭೂಮಿಯ ಮೇಲಿರುವ ಅಷ್ಟೂ ಜನರ ಸಂಖ್ಯೆಗಿಂತ ದೊಡ್ಡದು. ಹೀಗೆ ಓದಿದಾಗ ಅದರ ಚೆಲುವು ಕಿವಿಗೆ ಬೀಳುವುದೇ ಇಲ್ಲ. ಯಾವುದೋ ಇಲಾಖೆಯ ವಾರ್ಷಿಕ ಖರ್ಚಿನ ಬಾಬ್ತು ಓದಿದಂತೆ ಕೇಳಿಸುತ್ತದೆ. ಅಂಕಿಗಳನ್ನು ಒಂದೊಂದಾಗಿ ನೋಡಬೇಕು. ಒಂದರಿಂದ ಶುರುವಾಗಿ ಆರರವರೆಗೆ ಒಂದೊಂದೇ ಮೆಟ್ಟಿಲು ಹತ್ತಿ, ಬಂದ ದಾರಿಯಲ್ಲೇ ಒಂದಕ್ಕೆ ಇಳಿಯುತ್ತದೆ. 'ಕುಬೇರನಿಗೇನಿರಬೇಕು' ಎಂಬ ಸಾಲಿನ ಹಾಗೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಈ ಸಂಖ್ಯೆಯನ್ನು ಹೆಸರಿಸುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಚೆಂದದ ಮಾತು ಸುಮಾರು ಸಾವಿರದ ನೂರೆಪ್ಪತ್ತು ವರ್ಷಗಳಷ್ಟು ಹಳೆಯದು. 'ಏಕಾದಿಷಡಂತಾನಿ ಕ್ರಮೇಣ ಹೀನಾನಿ.' ಒಂದರಿಂದ ಆರರವರೆಗೆ, ಆಮೇಲೆ ಅದೇ ಕ್ರಮದಲ್ಲಿ ಕಡಿಮೆಯಾಗುತ್ತ. ಅಷ್ಟೇ. ಕೋಟಿ, ಲಕ್ಷ ಯಾವುದೂ ಬೇಕಾಗಲಿಲ್ಲ. ಹೇಳಿದವರು ಮಹಾವೀರಾಚಾರ್ಯರು, 'ಗಣಿತಸಾರಸಂಗ್ರಹ'ದಲ್ಲಿ. ಕಾಲ ಕ್ರಿ.ಶ. 850ರ ಆಸುಪಾಸು. ಗ್ರಂಥದ ಆರಂಭದಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾರೆ. ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಶ್ರಯದಲ್ಲಿ. ಮಳಖೇಡ ಎಂದ ಕೂಡಲೇ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ, ಗಣಿತಸಾರಸಂಗ್ರಹ ನೆನಪಾಗುವುದಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ಆ ಸಾಲಿನಲ್ಲಿ ಇನ್ನೊಂದು ವಿಷಯ ಅಡಗಿದೆ. ಸ್ಥಾನಬೆಲೆಯ ಪದ್ಧತಿ ರಕ್ತಗತವಾಗಿರದ ಯಾರೂ ಸಂಖ್ಯೆಯನ್ನು ಹಾಗೆ ಹೇಳಲಾರರು. ಅಂಕಿಗಳ ಸಾಲು ಕಣ್ಣ ಮುಂದೆ ಇದೆ, ಪ್ರತಿಯೊಂದಕ್ಕೂ ತನ್ನ ಜಾಗ ಇದೆ ಎಂದು ಬರೆಯುವವರಿಗೂ ಓದುವವರಿಗೂ ಗೊತ್ತಿರಬೇಕು. ಮಹಾವೀರಾಚಾರ್ಯರು ಏಕ, ದಶ, ಶತ ಎಂದು ಶುರುಮಾಡಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟವರು. ಮಹಾಕ್ಷೋಭ ಎಂದರೆ ಒಂದರ ಮುಂದೆ 23 ಸೊನ್ನೆ. ಆ ಪಟ್ಟಿಯಲ್ಲಿ ನಮ್ಮ ಸಂಖ್ಯೆಯ ಎಡತುದಿಯ 1 ಕೂರುವುದು ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ. ಪಟ್ಟಿಯ ಅರ್ಧವನ್ನೂ ಅದು ಮುಟ್ಟುವುದಿಲ್ಲ. ಅವರ ಮಟ್ಟಿಗೆ ಇದು ದೊಡ್ಡ ಸಂಖ್ಯೆಯೇ ಅಲ್ಲ. ಅವರಿಗೆ ಬೇಕಾಗಿದ್ದದ್ದು ಅದರ ಗಾತ್ರವಲ್ಲ, ಆಕಾರ.

ಈ ಸಂಖ್ಯೆ ಅಲ್ಲಿ ಬರುವುದು ಗುಣಾಕಾರದ ಉದಾಹರಣೆಯಾಗಿ. 27994681ನ್ನು 441ರಿಂದ ಗುಣಿಸು ಎಂಬುದು ಲೆಕ್ಕ. ಗುಣ್ಯ, ಗುಣಕ ಎರಡನ್ನೂ ಬಾಗಿಲ ಕದಗಳ ಹಾಗೆ ಹೊಂದಿಸಿಟ್ಟು ಸರಿಸುತ್ತ ಗುಣಿಸುವ 'ಕವಾಟಸಂಧಿ' ಎಂಬ ಕ್ರಮವನ್ನು ಹೇಳಿ, ಅದರ ಅಭ್ಯಾಸಕ್ಕೆಂದು ಇಂಥ ಲೆಕ್ಕಗಳನ್ನು ಕೊಟ್ಟಿದ್ದಾರೆ. ಉತ್ತರಗಳನ್ನು ಕೊರಳಿನ ಹಾರಗಳು ಎನ್ನುತ್ತಾರೆ, ಅರಸನ ಕೊರಳಿಗೆ ಒಪ್ಪುವ ಹಾರಗಳು. ನೀವು ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಒಮ್ಮೆ ಇದನ್ನು ಕೈಯಲ್ಲೇ ಮಾಡಿ ನೋಡಬೇಕೆಂದು ನನ್ನ ಆಸೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ ಸಾಕು. ಶಾಲೆಯಲ್ಲಿ ಕಲಿತ ಹಾಗೆಯೇ ಮಾಡಿದರೆ ಮೂರು ಸಾಲು ಬರುತ್ತವೆ:

27994681
1119787240
11197872400

ಒಂದನೆಯ ಸಾಲು ಒಂದರಿಂದ ಗುಣಿಸಿದ್ದು, ಎರಡನೆಯದು ನಲವತ್ತರಿಂದ, ಮೂರನೆಯದು ನಾನೂರರಿಂದ. ಬಲತುದಿ ಹೊಂದಿಸಿ ಬರೆದುಕೊಂಡು ಕೂಡುತ್ತ ಬನ್ನಿ. ಏಕಸ್ಥಾನದಲ್ಲಿ 1. ದಶಕದಲ್ಲಿ 8, 4, 0 ಸೇರಿ 12: ಎರಡು ಬರೆದು ದಶಕ ಒಂದು. ಮುಂದಿನ ಕಂಬದಲ್ಲಿ ದಶಕವೂ ಸೇರಿ 13: ಮೂರು ಬರೆದು ದಶಕ ಒಂದು. ಆಮೇಲೆ 14. ಅದರ ಮುಂದೆ 25, 26, ಮತ್ತೆ 25, 14. ಕೊನೆಯಲ್ಲಿ 3, 2, 1. ಕೆಳಗೆ ಬರೆಯುವ ಅಂಕಿಗಳು ಒಂದಾದ ಮೇಲೊಂದು 1, 2, 3, 4, 5, 6 ಎಂದು ಏರುತ್ತಿರುವಾಗ ಕೈ ತಾನಾಗಿ ನಿಧಾನವಾಗುತ್ತದೆ. ಮೇಲಿನ ಮೂರು ಸಾಲುಗಳಲ್ಲಿ ಯಾವ ಸುಳಿವೂ ಇಲ್ಲ. 9, 9, 7, 4, 6 ಎಂದು ಚದುರಿ ಬಿದ್ದ ಅಂಕಿಗಳು. ಕೂಡಿದಾಗ ಹಾರ.

ಇಂಥ ಉತ್ತರವನ್ನು ಕಂಡವರು ಮೊದಲು ಕೇಳುವ ಪ್ರಶ್ನೆ: ಇದನ್ನು ಅವರು ಹುಡುಕಿದ್ದು ಹೇಗೆ? ಸಾವಿರಾರು ಗುಣಾಕಾರ ಮಾಡುತ್ತ ಕೂತಿದ್ದಾಗ ಒಂದು ದಿನ ಕೈಗೆ ಸಿಕ್ಕಿದ್ದಲ್ಲ ಎಂಬುದು ನನಗೆ ಖಚಿತ. 441 ಎಂಬುದು 21ರ ವರ್ಗ. 27994681 ಕೂಡ ವರ್ಗವೇ, 5291ರದ್ದು. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. ಹಾರವನ್ನು ಮೊದಲು ಪೋಣಿಸಿ, ಆಮೇಲೆ ಅದನ್ನು ಬಿಡಿಸಿ ಎರಡು ಗಂಟುಗಳನ್ನಾಗಿ ಕಟ್ಟಿ, ಬಿಚ್ಚು ಎಂದು ಶಿಷ್ಯರ ಕೈಗೆ ಕೊಟ್ಟಿದ್ದಾರೆ ಎಂದೇ ನಾನು ಓದುತ್ತೇನೆ.

ಆರು ಒಂದುಗಳ ವರ್ಗ ಹೀಗೇಕೆ ಹತ್ತಿ ಇಳಿಯುತ್ತದೆ ಎಂಬುದನ್ನು ತಿಳಿಯಲು ಬೀಜಗಣಿತ ಬೇಕಿಲ್ಲ. 111111 ಎಂಬ ಒಂದೇ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆದರೆ ಸಾಕು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ನಡುವಿನ ಕಂಬದಲ್ಲಿ ಆರು, ಮತ್ತೆ ಇಳಿಮುಖ. ಚೌಕುಳಿ ಪುಸ್ತಕದಲ್ಲಿ ಇದನ್ನು ಅಕ್ಕನ ಮಗಳಿಗೆ ಬರೆದು ತೋರಿಸಿದ್ದೆ. ಅವಳು ಕಂಬಗಳನ್ನು ಎಣಿಸಿ ಮುಗಿಸುವ ಮೊದಲೇ ಕೇಳಿದಳು, "ಮಾಮ, ಇನ್ನೊಂದು ಒಂದು ಸೇರಿಸಿದ್ರೆ ಏಳಕ್ಕೆ ಹತ್ತಿ ಇಳಿಯುತ್ತಾ?"

"ಮಾಡಿ ನೋಡು ಪುಟ್ಟಿ."

ಏಳಕ್ಕೆ ಹತ್ತಿತು. ಎಂಟು, ಒಂಬತ್ತಕ್ಕೂ ಹತ್ತಿತು: 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡಾಗ ಅವಳ ಮುಖ ಸಪ್ಪೆಯಾಯಿತು. ಬಂದದ್ದು 1234567900987654321. "ಎಂಟು ಎಲ್ಲಿ ಹೋಯ್ತು?" ಎಡಗಡೆಯಿಂದ ಬಂದರೆ ಏಳಾದ ಮೇಲೆ ಒಂಬತ್ತು, ಆಮೇಲೆ ಎರಡು ಸೊನ್ನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಬಗಳಲ್ಲಿರುವ ಒಂದುಗಳ ಎಣಿಕೆ ಈಗಲೂ ಸಮವಾಗಿಯೇ ಇದೆ: 7, 8, 9, 10, 9, 8, 7. ಆದರೆ ನಡುವಿನ 10 ಒಂದು ಅಂಕಿಯಲ್ಲಿ ಹಿಡಿಸುವುದಿಲ್ಲ. ಸೊನ್ನೆ ಬರೆದು ದಶಕ ಒಂದು ಎಡಕ್ಕೆ. ಅಲ್ಲಿದ್ದ 9 ಈಗ 10 ಆಯಿತು, ಅದೂ ಸೊನ್ನೆ ಬರೆದು ದಶಕ ಒಂದನ್ನು ಎಡಕ್ಕೆ ದಾಟಿಸಿತು. ಅಲ್ಲಿದ್ದ 8 ಅದನ್ನು ಪಡೆದು 9 ಆಗಿ ನಿಂತಿತು. ಎಂಟು ಕಳೆದುಹೋಗಿಲ್ಲ, ಒಂಬತ್ತರ ಉಡುಪಿನಲ್ಲಿದೆ. ಮಹಾವೀರಾಚಾರ್ಯರ ಇನ್ನೊಂದು ಹಾರದಲ್ಲೂ ಇದೇ ಎಂಟು ಕಾಣೆಯಾಗಿದೆ: 12345679ನ್ನು 9ರಿಂದ ಗುಣಿಸಿದರೆ 111111111. ಒಂದನ್ನು 81ರಿಂದ ಭಾಗಿಸುತ್ತ ಹೋದರೆ ದಶಮಾಂಶದಲ್ಲಿ 012345679 ಎಂಬುದು ಮತ್ತೆ ಮತ್ತೆ ಬರುತ್ತದೆ. ಅಲ್ಲೂ ಎಂಟಿಲ್ಲ, ಕಾರಣವೂ ಇದೇ. ಮೂರು ಕಡೆ ಬೇರೆಬೇರೆಯಾಗಿ ಕಂಡ ವಿಚಿತ್ರ ಒಂದೇ ದಶಕದ ಕೆಲಸ ಎಂದು ಗೊತ್ತಾದಾಗ ಆಗುವ ಸಂತೋಷವನ್ನು ನಾನು ಬೇರೆ ಎಲ್ಲೂ ಅಷ್ಟು ಶುದ್ಧವಾಗಿ ಅನುಭವಿಸಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಹತ್ತಿ ಇಳಿಯುವ ಸಂಖ್ಯೆಗಳಿಗೆ ಮನಸೋತ ಇನ್ನೊಬ್ಬರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. 6174 ಎಂಬ ಸಂಖ್ಯೆಯಿಂದ ಅವರ ಹೆಸರು ಎಲ್ಲರಿಗೂ ಗೊತ್ತು. 1, 121, 12321 ಎಂದು ಬೆಳೆಯುವ ಸಾಲಿಗೆ ಅವರು 'ಡೆಮ್ಲೊ ಸಂಖ್ಯೆಗಳು' ಎಂದು ಹೆಸರಿಟ್ಟರು. ಡೆಮ್ಲೊ ಎಂಬುದು ಮುಂಬಯಿ ಹತ್ತಿರದ ಒಂದು ರೈಲು ನಿಲ್ದಾಣದ ಹೆಸರು, ಈಗಿನ ಡೊಂಬಿವಲಿ. ಇವುಗಳ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಆ ಸಾಲಿನಲ್ಲಿ ನಮ್ಮದು ಆರನೆಯದು. ಒಬ್ಬರಿಗೆ ಅರಸನ ಕೊರಳ ಹಾರವಾಗಿ ಕಂಡದ್ದಕ್ಕೆ ಇನ್ನೊಬ್ಬರು ತಾವು ನಿಂತಿದ್ದ ನಿಲ್ದಾಣದ ಹೆಸರಿಟ್ಟರು. ಎರಡೂ ನನಗೆ ಇಷ್ಟ.

ಈಗ ಸಂಖ್ಯೆಯ ಒಳಗೆ ಹೋಗೋಣ. 111111ನ್ನು ಬಿಡಿಸಿದರೆ 11 × 111 × 91. ಇನ್ನೂ ಬಿಡಿಸಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು, ಒಂದೊಂದು ಸಲ. ಹಾಗಾಗಿ ನಮ್ಮ ಸಂಖ್ಯೆಯಲ್ಲಿ ಇವೇ ಐದು ಎರಡೆರಡು ಸಲ ಇವೆ. ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆ ಐದು ಸಲ, ಅಂದರೆ 243 ಭಾಜಕಗಳು. ಇಷ್ಟು ಸುಲಭವಾಗಿ ಒಡೆಯುವ ಸಂಖ್ಯೆಯನ್ನು ಎರಡು ಗಂಟು ಮಾಡಲು ಎಷ್ಟೋ ದಾರಿಗಳಿದ್ದವು. ಮಹಾವೀರಾಚಾರ್ಯರು 3 ಮತ್ತು 7ನ್ನು ಒಂದು ಕಡೆಗೂ 11, 13, 37ನ್ನು ಇನ್ನೊಂದು ಕಡೆಗೂ ಹಾಕಿದರು. ಗುಣಕ ಚಿಕ್ಕದಾಗಿರಬೇಕು, ಗುಣ್ಯದ ಮುಖದಲ್ಲಿ ಗುಟ್ಟು ಕಾಣಬಾರದು ಎಂಬ ಲೆಕ್ಕಾಚಾರ ಅದರ ಹಿಂದೆ ನನಗೆ ಕಾಣುತ್ತದೆ.

ಆದರೆ ಈ ಐದು ಅವಿಭಾಜ್ಯಗಳೇ ಏಕೆ? ಒಂದನ್ನು 7ರಿಂದ ಭಾಗಿಸುತ್ತ ಹೋಗಿ, ಪ್ರತಿ ಹಂತದ ಶೇಷವನ್ನು ಗಮನಿಸಿ. 3, 2, 6, 4, 5, ಆಮೇಲೆ 1. ಹೊರಟಲ್ಲಿಗೇ ಆರು ಹೆಜ್ಜೆಯಲ್ಲಿ ಬಂದಿರಿ. ಹಾಗಾಗಿಯೇ ಏಳರಲ್ಲಿ ಒಂದು ಪಾಲು 0.142857 142857 ಎಂದು ಆರಾರು ಅಂಕಿಗಳಾಗಿ ಮರುಕಳಿಸುತ್ತದೆ. ಆರು ಹೆಜ್ಜೆಯ ಮೇಲೆ ಶೇಷ 1 ಎಂದರೆ ಹತ್ತು ಲಕ್ಷದಲ್ಲಿ ಒಂದು ಕಳೆದರೆ, ಅಂದರೆ 999999, ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂಬತ್ತಕ್ಕೂ ಏಳಕ್ಕೂ ಸಂಬಂಧವಿಲ್ಲ, ಆದ್ದರಿಂದ 111111 ಕೂಡ ಭಾಗವಾಗಲೇಬೇಕು. 13ಕ್ಕೂ ಇದೇ ಕಥೆ: 10, 9, 12, 3, 4, 1, ಆರು ಹೆಜ್ಜೆ. 37ಕ್ಕೆ ಮೂರೇ ಹೆಜ್ಜೆ: 10, 26, 1. ಹನ್ನೊಂದಕ್ಕೆ ಎರಡು. ಮೂರಕ್ಕೆ ಒಂದು.

ಒಂದು, ಎರಡು, ಮೂರು, ಆರು. ಆರನ್ನು ಭಾಗಿಸುವ ಸಂಖ್ಯೆಗಳು ಇವಿಷ್ಟೇ, ಒಂದೂ ಬಿಟ್ಟುಹೋಗಿಲ್ಲ. ಇನ್ನೂ ಮುಂದೆ ಹೋಗಿ ಹೇಳಬಹುದು: ದಶಮಾಂಶದ ಆವರ್ತ, ಅಂದರೆ ಮರುಕಳಿಸುವ ಅಂಕಿಗಳ ತುಂಡು, 1, 2, 3 ಅಥವಾ 6 ಅಂಕಿ ಉದ್ದವಿರುವ ಅವಿಭಾಜ್ಯಗಳು ಇಡೀ ಸಂಖ್ಯಾಲೋಕದಲ್ಲಿ ಈ ಐದೇ. ಬೇರೆ ಯಾವುದಾದರೂ ಇದ್ದಿದ್ದರೆ ಅದು 999999ನ್ನು ಭಾಗಿಸಬೇಕಿತ್ತು, ಅಲ್ಲಿ ಈ ಐದರ ಹೊರತು ಯಾರೂ ಇಲ್ಲ. 11 × 111 × 91 ಎಂದು ಬಿಡಿಸಿದ್ದೂ ಸುಮ್ಮನೆ ಅಲ್ಲ. 11ರಲ್ಲಿ ಎರಡಂಕಿಯ ಆವರ್ತದವನು, 111ರಲ್ಲಿ ಮೂರರವನು 37, ಜೊತೆಗೆ ಎಲ್ಲರ ಹಿರಿಯ 3, 91ರಲ್ಲಿ ಆರರವರಿಬ್ಬರು 7 ಮತ್ತು 13. ಆರು ಒಂದುಗಳನ್ನು ಸಾಲಾಗಿ ಬರೆದಾಗ ಈ ಕುಟುಂಬವನ್ನು ನಾವು ಯಾರೂ ಕರೆದಿರಲಿಲ್ಲ. ಅದು ತಾನಾಗಿ ಅಲ್ಲಿ ಬಂದು ಕೂತಿದೆ.

ಗಣಿತಸಾರಸಂಗ್ರಹದ ಉಳಿದ ಹಾರಗಳನ್ನು ಈ ಬೆಳಕಿನಲ್ಲಿ ನೋಡಿ. 142857143 × 7 = 1000000001. 14287143 × 7 = 100010001. 11011011 × 91 = 1002002001. ನಮ್ಮದರಲ್ಲಿ 441, ಅಂದರೆ ಏಳೇಳಲಿ ನಲವತ್ತೊಂಬತ್ತು, ಅದರ ಒಂಬತ್ತರಷ್ಟು. ನಾಲ್ಕು ಕಡೆ ಏಳು ಬಂದಿದೆ. 152207 × 73 = 11111111 ಎಂಬುದರಲ್ಲಿರುವ 73ರ ಆವರ್ತ ಎಂಟು ಅಂಕಿ, ಉತ್ತರದಲ್ಲಿರುವ ಒಂದುಗಳೂ ಎಂಟು. ಇವನ್ನೆಲ್ಲ ಗಣಿತ ವಿನೋದ ಎಂದು ಬದಿಗಿಡುವವರಿದ್ದಾರೆ. ವಿನೋದ ಹೌದು. ಆದರೆ 7, 91, 73ನ್ನು ಹೀಗೆ ಆರಿಸಿಕೊಂಡ ಕೈಗೆ ಹತ್ತರ ಘಾತಗಳು ಮತ್ತು ಈ ಅವಿಭಾಜ್ಯಗಳ ನಡುವಿನ ನಂಟು ಚೆನ್ನಾಗಿ ಗೊತ್ತಿತ್ತು ಎಂದು ನಾನು ನಂಬುತ್ತೇನೆ. ಆವರ್ತ ದಶಮಾಂಶ ಎಂಬ ಮಾತು ಅವರಿಗಿರಲಿಲ್ಲ. ಏಳು ಏನು ಮಾಡುತ್ತದೆ ಎಂಬುದು ಗೊತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ತಲೆಯಲ್ಲಿ ಬಹಳ ದಿನ ಕೊರೆಯುತ್ತಿದ್ದ ಪ್ರಶ್ನೆಯನ್ನು ಹೇಳಬೇಕು. ಈ ಹಾರ ಸಂಖ್ಯೆಯದ್ದೋ, ನಾವು ಅದನ್ನು ಬರೆಯುವ ರೀತಿಯದ್ದೋ? ಹತ್ತರ ಪದ್ಧತಿಯಲ್ಲಿ ಬರೆದಾಗ ಹತ್ತಿ ಇಳಿಯುವ ಇದೇ ಸಂಖ್ಯೆಯನ್ನು ಕಂಪ್ಯೂಟರ್ ತನ್ನೊಳಗೆ ದ್ವಿಮಾನದಲ್ಲಿ ಇಟ್ಟುಕೊಂಡಾಗ 34 ಅಂಕಿಗಳಾಗುತ್ತವೆ. ಆ ಸಾಲು 10110 ಎಂದು ಶುರುವಾಗಿ 10001 ಎಂದು ಮುಗಿಯುತ್ತದೆ. ಹಿಂದುಮುಂದು ಒಂದೇ ಅಲ್ಲ. ಹಾರ ಹರಿಯಿತು. ಬೇರೊಂದು ಕಡೆಯಿಂದ ನೋಡಿದರೆ, ಏಳರ ಪದ್ಧತಿಯಲ್ಲಿ ಎಣಿಸುವವರು ಯಾರಾದರೂ ಇದ್ದರೆ ಅವರೂ ಆರು ಒಂದುಗಳನ್ನು ಬರೆದು ವರ್ಗ ಮಾಡಬಹುದು, ಅವರಿಗೂ 12345654321 ಎಂದೇ ಬರುತ್ತದೆ. ಕಂಬದಲ್ಲಿ ಆರಕ್ಕಿಂತ ಹೆಚ್ಚು ಒಂದುಗಳಿಲ್ಲ, ದಶಕದ ಮಾತೇ ಏಳುವುದಿಲ್ಲ. ಆದರೆ ಅವರು ಹಾಗೆ ಬರೆದದ್ದು ನಮ್ಮ ಲೆಕ್ಕದಲ್ಲಿ 19608ರ ವರ್ಗ, 384473664. ನಮ್ಮ ಕಣ್ಣಿಗೆ ಅದರಲ್ಲಿ ಯಾವ ಹಾರವೂ ಇಲ್ಲ.

ಹಾಗಾದರೆ ಈ ಸಂಖ್ಯೆಯ ಮುಖದಲ್ಲಿ ನಾವು ಕಾಣುವ ಚೆಲುವಿನ ಒಂದು ಪಾಲು ನಮ್ಮ ಹತ್ತು ಬೆರಳುಗಳದ್ದು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬೇಸರವೇನಿಲ್ಲ. ಆದರೆ ಹೇಗೆ ಬರೆದರೂ, ಯಾವ ಲಿಪಿಯಲ್ಲಿ ಬರೆದರೂ, ಬರೆಯದೇ ಬೆಣಚುಕಲ್ಲುಗಳ ರಾಶಿಯಾಗಿ ಸುರಿದರೂ ಈ ಸಂಖ್ಯೆಯನ್ನು ಬಿಟ್ಟುಹೋಗದ ಗುಣ ಯಾವುದು ಎಂದು ತಿಳಿಯಬೇಕೆನಿಸಿತು. ಅದಕ್ಕೂ ದಾರಿ ತೋರಿಸಿದ್ದು ಮಹಾವೀರಾಚಾರ್ಯರೇ, ಅದೇ ಗ್ರಂಥದ ಕ್ಷೇತ್ರಗಣಿತದ ಭಾಗದಲ್ಲಿ.

ಗ್ರಂಥದ ಬಗ್ಗೆ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿ ಹೊರತಂದವರು ಎಂ. ರಂಗಾಚಾರ್ಯರು, ಮದ್ರಾಸಿನಿಂದ, 1912ರಲ್ಲಿ. ಅವರ ಮುಂದಿದ್ದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಯೂ ಇತ್ತು. ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದಿದ್ದ. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ನಡುವೆ ಕಳೆದ ಕಾಲವನ್ನು ನೀವೇ ಎಣಿಸಿಕೊಳ್ಳಿ. ಕನ್ನಡ ಶಾಲೆಯ ಮಗುವಿನ ಪಠ್ಯದಲ್ಲಿ ಗುಣಾಕಾರದ ಪಾಠದ ಪಕ್ಕ ಈ ಒಂದು ಹಾರ ಇದ್ದರೆ ಎಷ್ಟು ಚೆನ್ನ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಕ್ಷೇತ್ರಗಣಿತದಲ್ಲಿ ಅವರು ಕೇಳುವ ಪ್ರಶ್ನೆ ಹೀಗಿದೆ: ಆಯತದ ಕರ್ಣ ಗೊತ್ತಿದೆ, ಬಾಹುಗಳೆಷ್ಟು? ಬಾಹುಗಳು ಪೂರ್ಣಸಂಖ್ಯೆಗಳಲ್ಲಿ ಸಿಗಬೇಕು. ಅವರ ಕ್ರಮ ಸರಳ. ಬೀಜಗಳು ಎಂದು ಕರೆಯುವ ಎರಡು ಸಂಖ್ಯೆಗಳನ್ನು ತೆಗೆದುಕೋ. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. ಹೀಗೆ ಹುಟ್ಟಿದ ಆಯತ 'ಜನ್ಯ'. ಕೊಟ್ಟ ಕರ್ಣವನ್ನು ಜನ್ಯದ ಕರ್ಣದಿಂದ ಭಾಗಿಸಿ, ಬಂದದ್ದರಿಂದ ಬಾಹುಗಳನ್ನು ಗುಣಿಸು. ಕರ್ಣ 65 ಇರುವ ಲೆಕ್ಕಕ್ಕೆ ನಾಲ್ಕು ಆಯತಗಳು ಬರುತ್ತವೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಯುರೋಪಿನಲ್ಲಿ ಇದೇ ಕ್ರಮ ಲಿಯೊನಾರ್ಡೊ ಫಿಬೊನಾಚಿಯ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿಮೂರನೆಯ ಶತಮಾನದಲ್ಲಿ.

ಅವರ ಕ್ರಮವನ್ನು ಅವರದೇ ಹಾರದ ಮೇಲೆ ಪ್ರಯೋಗಿಸಿದರೆ? ಕರ್ಣ 111111 ಇರಲಿ. ಆಗ ಕರ್ಣದ ವರ್ಗ ನಮ್ಮ 12345654321. ಅದನ್ನು ಎರಡು ವರ್ಗಗಳಾಗಿ ಒಡೆಯಬೇಕು.

ಬೀಜಗಳು 3 ಮತ್ತು 2 ಆದರೆ ಜನ್ಯದ ಬಾಹುಗಳು 5 ಮತ್ತು 12, ಕರ್ಣ 13. 111111ನ್ನು 13ರಿಂದ ಭಾಗಿಸಿದರೆ 8547. ಗುಣಿಸಿದರೆ ಬಾಹುಗಳು 42735 ಮತ್ತು 102564. ಈ ಎರಡನೆಯ ಸಂಖ್ಯೆಯನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. 102564 ಸಂಖ್ಯಾವಿನೋದದ ಹಳೆಯ ಪರಿಚಯದವನು: ಅದನ್ನು ನಾಲ್ಕರಿಂದ ಗುಣಿಸಿದರೆ 410256, ಕೊನೆಯ 4 ಎದ್ದು ಮುಂದೆ ಬಂದು ಕೂರುತ್ತದೆ, ಉಳಿದವು ಕದಲುವುದಿಲ್ಲ. ಅವನು ಇಲ್ಲಿ ಈ ಆಯತದ ಒಂದು ಬದಿಯಾಗಿ ನಿಂತಿರುತ್ತಾನೆ ಎಂದು ಯಾರು ಎಣಿಸಿದ್ದರು?

ಬೀಜಗಳು 6 ಮತ್ತು 1 ಆದರೆ 35, 12, ಕರ್ಣ 37. ಭಾಗಿಸಿದರೆ 3003. ಬಾಹುಗಳು 105105 ಮತ್ತು 36036. ಈ ಎರಡರ ರೂಪವನ್ನು ನೋಡಿ, ತಾವೇ ಕಿರುಹಾರಗಳ ಹಾಗಿವೆ. 105105ರ ವರ್ಗ 11047061025. 36036ರ ವರ್ಗ 1298593296. ಕೂಡಿ ನೋಡಿ. ಮತ್ತೆ ಅದೇ ಒಂದರಿಂದ ಆರು, ಆರರಿಂದ ಒಂದು.

ಇನ್ನು 13 ಮತ್ತು 37ನ್ನು ಗುಣಿಸಿ ಬರುವ 481. ಅದಕ್ಕೆ ಎರಡು ಬೀಜಜೋಡಿಗಳಿವೆ: 20 ಮತ್ತು 9, 16 ಮತ್ತು 15. ಅವುಗಳಿಂದ 73689 ಮತ್ತು 83160 ಒಂದು ಆಯತ, 7161 ಮತ್ತು 110880 ಇನ್ನೊಂದು. ಮೊದಲನೆಯದು ಹೆಚ್ಚುಕಡಿಮೆ ಚೌಕ, ಎರಡನೆಯದು ಹೊಲದ ಬದುವಿನಷ್ಟು ತೆಳ್ಳಗೆ.

ಒಟ್ಟು ನಾಲ್ಕು. 65ಕ್ಕೂ ನಾಲ್ಕು, 111111ಕ್ಕೂ ನಾಲ್ಕು. ಗಾತ್ರದಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಈ ಎರಡರಲ್ಲಿ ಸಮಾನವಾದದ್ದೇನು? 4ರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯಗಳು ಮಾತ್ರ ಎರಡು ವರ್ಗಗಳ ಮೊತ್ತವಾಗಬಲ್ಲವು, 2ರ ಮಾತು ಬೇರೆ. ಹದಿನೇಳನೆಯ ಶತಮಾನದಲ್ಲಿ ಫರ್ಮಾ ಹೇಳಿದ್ದನ್ನು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. 65ರಲ್ಲಿ ಅಂಥವು ಎರಡು, 5 ಮತ್ತು 13. 111111ರಲ್ಲೂ ಎರಡು, 13 ಮತ್ತು 37. ಅದರ 3, 7, 11 ಮೂರೂ 4ರಿಂದ ಭಾಗಿಸಿದಾಗ 3 ಉಳಿಸುವವು, ಆಯತ ಕಟ್ಟುವ ಕೆಲಸಕ್ಕೆ ಬರುವುದಿಲ್ಲ, ಹಿಗ್ಗಿಸುವುದಕ್ಕೆ ಮಾತ್ರ. 1 ಉಳಿಸುವ ಅವಿಭಾಜ್ಯಗಳು ಒಂದೊಂದು ಸಲ ಎರಡಿದ್ದರೆ ಆಯತಗಳು ನಾಲ್ಕೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದಕ್ಕೆ ಹತ್ತು ಬೆರಳುಗಳ ಹಂಗಿಲ್ಲ. ದ್ವಿಮಾನದಲ್ಲಿ ಬರೆದರೂ, ಏಳರ ಪದ್ಧತಿಯಲ್ಲಿ ಬರೆದರೂ ಈ ನಾಲ್ಕು ಆಯತಗಳು ಆ ಸಂಖ್ಯೆಯನ್ನು ಬಿಟ್ಟು ಹೋಗುವುದಿಲ್ಲ.

ಹಾರದ ಉದ್ದಕ್ಕೂ ಒಳಗಿನ ಸಿರಿತನಕ್ಕೂ ಸಂಬಂಧವಿಲ್ಲ ಎಂಬುದು ಮುಂದಿನ ಸಂಖ್ಯೆಯನ್ನು ತೆರೆದ ಕೂಡಲೇ ಕಾಣುತ್ತದೆ. ಏಳು ಒಂದುಗಳ ವರ್ಗ 1234567654321, ನಮ್ಮದಕ್ಕಿಂತ ನೂರು ಪಟ್ಟು ದೊಡ್ಡದು, ಇನ್ನೊಂದು ಮೆಟ್ಟಿಲು ಎತ್ತರ. ಆದರೆ 1111111 ಒಡೆಯುವುದು ಎರಡೇ ತುಂಡುಗಳಾಗಿ, 239 × 4649. ಏಳು ಅವಿಭಾಜ್ಯವಾದ್ದರಿಂದ ಅದರೊಳಗೆ ಕೂರುವುದಕ್ಕೆ ಎರಡರವರೂ ಇಲ್ಲ, ಮೂರರವರೂ ಇಲ್ಲ. ಈ ಇಬ್ಬರ ಆವರ್ತವೂ ಏಳೇ ಅಂಕಿ. 243 ಭಾಜಕಗಳಿದ್ದ ಕಡೆ ಈಗ 9. ಆ ಎರಡರಲ್ಲಿ 4649 ಒಂದೇ ಆಯತ ಕಟ್ಟಬಲ್ಲದ್ದು, ಅದರ ಬೀಜಗಳು 68 ಮತ್ತು 5. ಹಾಗಾಗಿ ಆಯತವೂ ಒಂದೇ, ಬಾಹುಗಳು 162520 ಮತ್ತು 1099161. ಎಂಟು ಒಂದುಗಳಿಗೆ ಬಂದರೆ 11, 73, 101, 137. ಇವುಗಳಲ್ಲಿ ಆಯತ ಕಟ್ಟುವವು ಮೂರು. ಎಷ್ಟು ಆಯತಗಳು ಎಂದು ಅಕ್ಕನ ಮಗಳು ಈಗ ಲೆಕ್ಕ ಹಾಕುತ್ತಿದ್ದಾಳೆ, ನಾನು ಹೇಳಿಕೊಟ್ಟಿಲ್ಲ.